ಹುಟ್ಟುಗುಣವೋ, ನೋಡುವವರ ಗುಣವೋ?



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ನಿಮ್ಮ ಮನೆಯ ಮಹಡಿ ಬಾಡಿಗೆಗೆ ಖಾಲಿಯಿದೆ ಎಂದುಕೊಳ್ಳಿ. ಒಬ್ಬ ಗೃಹಸ್ಥರು ಹೆಂಡತಿ ಮಕ್ಕಳೊಂದಿಗೆ ಬಂದು ಮನೆ ನೋಡುತ್ತಾರೆ. ಮಾತು ಸೌಮ್ಯ, ಮುಂಗಡ ಕೊಡಲು ಸಿದ್ಧ. ಅವರು ಹೋದ ಮೇಲೆ ಪಕ್ಕದ ಮನೆಯವರು ಬಂದು, "ಅವರು ಹಿಂದೆ ಜೈಲಿಗೆ ಹೋಗಿ ಬಂದವರಂತೆ" ಎನ್ನುತ್ತಾರೆ. ಈಗ ನೀವು ಏನು ಮಾಡುತ್ತೀರಿ?

ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ತಯಾರಿ ನಡೆಸುವಾಗ ಈ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗಳ ಮುಂದಿಟ್ಟೆ. ಹೆಚ್ಚಿನವರು "ಕೊಡುವುದಿಲ್ಲ" ಎಂದರು. ಒಬ್ಬರಿಬ್ಬರು "ಪಾಪ, ಕೊಡಬೇಕು" ಎಂದರು. ಆದರೆ ಯಾವ ಅಪರಾಧ, ಎಷ್ಟು ವರ್ಷದ ಹಿಂದೆ, ಆಗ ಅವರಿಗೆ ವಯಸ್ಸೆಷ್ಟು, ಆಮೇಲೆ ಹೇಗೆ ಬದುಕಿದ್ದಾರೆ ಎಂದು ಯಾರೂ ಕೇಳಲಿಲ್ಲ. ಇಲ್ಲ ಎಂದವರೂ ಕೇಳಲಿಲ್ಲ, ಹೂಂ ಎಂದವರೂ ಕೇಳಲಿಲ್ಲ. ಎರಡೂ ಉತ್ತರಗಳು ಬಂದದ್ದು ಆ ಗೃಹಸ್ಥರ ವಿಚಾರದಿಂದಲ್ಲ, ಉತ್ತರ ಕೊಟ್ಟವರ ಮನಸ್ಸಿನಿಂದ. ಶಿಕ್ಷೆಯಾದವರಿಂದ ಮುಂದೆ ಎಷ್ಟು ಅಪಾಯವಿದೆ ಎಂದು ಅಳೆಯಲು ಹೊರಟವರ ಇತಿಹಾಸವನ್ನು ಓದುತ್ತ ಹೋದಂತೆ, ಇದೇ ಸಂಗತಿ ನೂರೈವತ್ತು ವರ್ಷಗಳಿಂದ ನಡೆದುಬಂದಿದೆ ಎಂದು ನನಗೆ ತಿಳಿಯಿತು. ಕಾರ್ಯಕ್ರಮದ ಅವಧಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ತಲೆಬುರುಡೆಯಲ್ಲಿ ಕಂಡ ಗುಳಿ

ಇಟಲಿಯಲ್ಲಿ ಚೆಸಾರೆ ಲೊಂಬ್ರೋಸೊ ಎಂಬ ವೈದ್ಯನಿದ್ದ. ವಿಲ್ಲೆಲ್ಲಾ ಎಂಬ ಹೆಸರಿನ ಕೈದಿಯೊಬ್ಬನ ತಲೆಬುರುಡೆಯನ್ನು ಪರೀಕ್ಷಿಸುವಾಗ ಅದರ ಹಿಂಭಾಗದಲ್ಲಿ ಒಂದು ಗುಳಿ ಆತನಿಗೆ ಕಂಡಿತು. ಕೆಳದರ್ಜೆಯ ಪ್ರಾಣಿಗಳಲ್ಲಿ ಇರುವಂಥ ಗುಳಿ ಇದು, ಆದ್ದರಿಂದ ಅಪರಾಧಿ ಎಂದರೆ ವಿಕಾಸದ ಹಾದಿಯಲ್ಲಿ ಹಿಂದೆ ಬಿದ್ದ ಮನುಷ್ಯ ಎಂದು ಆತ ತೀರ್ಮಾನಿಸಿದ. 1876ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ದೊಡ್ಡ ದವಡೆ, ಹಿಂದಕ್ಕೆ ಬಾಗಿದ ಹಣೆ, ಚಾಚಿಕೊಂಡ ಕಿವಿ, ಉದ್ದನೆಯ ತೋಳು, ಇವೆಲ್ಲ ಹುಟ್ಟು ಅಪರಾಧಿಯ ಲಕ್ಷಣಗಳೆಂದು ಯುರೋಪಿನ ವಿದ್ಯಾವಂತರು ನಂಬಿದರು.

ನಾನು ವಿಜ್ಞಾನದ ಪದವೀಧರ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೆ ಮೊದಲು ಕಲಿಸಿದ ಪಾಠವೆಂದರೆ, ಒಂದು ವಸ್ತುವಿನ ಗುಣವನ್ನು ಹೇಳುವ ಮುನ್ನ ಹೋಲಿಕೆಗೆ ಇನ್ನೊಂದನ್ನು ಪಕ್ಕದಲ್ಲಿಡಬೇಕು ಎಂಬುದು. ಲೊಂಬ್ರೋಸೊ ಸೆರೆಮನೆಯಲ್ಲಿ ಚಾಚಿದ ಕಿವಿಗಳನ್ನು ಎಣಿಸಿದ್ದು ನಿಜ. ಹೊರಗೆ ಬೀದಿಯಲ್ಲಿ ಎಷ್ಟು ಜನಕ್ಕೆ ಚಾಚಿದ ಕಿವಿಗಳಿವೆ ಎಂಬುದನ್ನು ಅಷ್ಟೇ ಜಾಗರೂಕತೆಯಿಂದ ಎಣಿಸಿ ಪಕ್ಕದಲ್ಲಿಡಲಿಲ್ಲ. ಆ ಕೆಲಸವನ್ನು ಮಾಡಿದವರು ಇಂಗ್ಲೆಂಡಿನ ಸೆರೆಮನೆ ವೈದ್ಯ ಚಾರ್ಲ್ಸ್ ಗೋರಿಂಗ್. ಮೂರು ಸಾವಿರಕ್ಕೂ ಹೆಚ್ಚು ಕೈದಿಗಳ ಅಳತೆಗಳನ್ನು ವಿದ್ಯಾರ್ಥಿಗಳು, ಸೈನಿಕರು ಮೊದಲಾದವರ ಅಳತೆಗಳೊಂದಿಗೆ ಹೋಲಿಸಿ, 1913ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಲೊಂಬ್ರೋಸೊ ಹೇಳಿದ ಅಪರಾಧಿ ಮುಖ ಎಂಬುದು ಇರಲೇ ಇಲ್ಲ.

ಮುಖದ ಶಾಸ್ತ್ರ ಪುಸ್ತಕದಿಂದ ಹೋಯಿತು. ನಮ್ಮ ಮನಸ್ಸಿನಿಂದ ಹೋಗಿದೆಯೇ? ನಮ್ಮ ಸಿನಿಮಾಗಳಲ್ಲಿ ಖಳನಾಯಕನ ಮುಖಕ್ಕೆ ಗಾಯದ ಗುರುತು ಬರೆಯುವ ಪ್ರಸಾಧನ ಕಲಾವಿದರನ್ನು ಕೇಳಿ ನೋಡಿ.

ನಮ್ಮ ನೆಲದ ಕಥೆ

ಇದನ್ನು ಇಟಲಿಯ ಕಥೆಯೆಂದು ದೂರ ಇಡುವ ಹಾಗಿಲ್ಲ. ಲೊಂಬ್ರೋಸೊನ ಗ್ರಂಥ ಬರುವುದಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ನೇಕಾರನ ಮಗ ನೇಕಾರನಾಗುತ್ತಾನೆ, ಬಡಗಿಯ ಮಗ ಬಡಗಿಯಾಗುತ್ತಾನೆ, ಹಾಗೆಯೇ ಅಪರಾಧವೂ ಕೆಲವರ ಕುಲಕಸುಬು ಎಂಬುದು ಅಂದಿನ ಅಧಿಕಾರಿಗಳ ವಾದವಾಗಿತ್ತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಈ ವ್ಯವಸ್ಥೆ 1911ರ ಕಾಯಿದೆಯಿಂದ ಮದರಾಸು ಪ್ರಾಂತ್ಯಕ್ಕೂ ಬಂದಿತು. ಪಟ್ಟಿಯಲ್ಲಿ ಸೇರಿದ ಸಮುದಾಯದವರು ಹೆಸರು ನೋಂದಾಯಿಸಬೇಕಿತ್ತು, ಹಾಜರಿ ಕೊಡಬೇಕಿತ್ತು, ಊರು ಬಿಡಲು ಅಪ್ಪಣೆ ಪಡೆಯಬೇಕಿತ್ತು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸುವ ಅಧಿಕಾರವೂ ಕಾಯಿದೆಯಲ್ಲಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಇಂಥವರನ್ನು ಇರಿಸಿದ್ದ ಜಾಗವನ್ನು ಜನ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತ ಬಂದರು.

ಗಮನಿಸಿ. ಇಲ್ಲಿ ಶಿಕ್ಷೆಯಾಗಿರಬೇಕು ಎಂಬ ನಿಯಮವೂ ಇರಲಿಲ್ಲ. ಹುಟ್ಟಿದ ಮನೆಯೇ ಅಪಾಯದ ಪ್ರಮಾಣಪತ್ರವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಅದಕ್ಕಾಗಿಯೇ ಆ ಸಮುದಾಯಗಳನ್ನು ವಿಮುಕ್ತ ಎಂದು ಕರೆಯುತ್ತಾರೆ. ಆದರೆ ಕಾಗದದಲ್ಲಿ ಬಿಡುಗಡೆಯಾದದ್ದು ಮನಸ್ಸಿನಲ್ಲಿ ಬಿಡುಗಡೆಯಾಗಲು ಎಷ್ಟು ಕಾಲ ಬೇಕು ಎಂಬುದಕ್ಕೆ ಒಂದು ಉದಾಹರಣೆ ಸಾಕು. ರಾಜ್ಯಗಳ ಸೆರೆಮನೆ ಕೈಪಿಡಿಗಳಲ್ಲಿ ಜಾತಿಯ ಆಧಾರದ ಮೇಲೆ ಕೆಲಸ ಹಂಚುವ ನಿಯಮಗಳು, ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಮಾತುಗಳು ಹಾಗೆಯೇ ಉಳಿದುಕೊಂಡಿದ್ದವು. ಅವನ್ನು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2024ರ ಅಕ್ಟೋಬರ್ 3ರಂದು. ಕಾಯಿದೆ ಹೋಗಿ ಎಪ್ಪತ್ತೆರಡು ವರ್ಷಗಳಾದ ಮೇಲೆ!

ಮೂರು ಸಾವಿರ ಕಡತಗಳು

ಹಾಗಾದರೆ ಅಪಾಯವನ್ನು ಅಳೆಯುವುದೇ ತಪ್ಪೇ? ಖಂಡಿತ ಅಲ್ಲ. ಬಿಡುಗಡೆಯಾದವರಲ್ಲಿ ಕೆಲವರು ಮತ್ತೆ ಅಪರಾಧ ಎಸಗುತ್ತಾರೆ, ಅದರಿಂದ ನೊಂದವರ ದುಃಖ ದೊಡ್ಡದು. ಯಾರನ್ನು ಯಾವಾಗ ಬಿಡಬೇಕು ಎಂದು ಯಾರಾದರೂ ನಿರ್ಧರಿಸಲೇಬೇಕು. ಅದನ್ನು ಹೇಗೆ ನಿರ್ಧರಿಸಬೇಕು ಎಂಬುದು ಪ್ರಶ್ನೆ.

ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಇದಕ್ಕೆ ಲೆಕ್ಕದ ದಾರಿ ಹಿಡಿದರು. ಇಲಿನಾಯ್ ರಾಜ್ಯದ ಮೂರು ಸೆರೆಮನೆಗಳಿಂದ ತಲಾ ಒಂದು ಸಾವಿರದಂತೆ, ಪೆರೋಲಿನ ಮೇಲೆ ಬಿಡುಗಡೆಯಾದ 3000 ಜನರ ಕಡತಗಳನ್ನು ತೆಗೆದುಕೊಂಡರು. ಅಪರಾಧದ ಬಗೆ, ವಯಸ್ಸು, ಹಿಂದಿನ ಉದ್ಯೋಗ, ಸೆರೆಮನೆಯಲ್ಲಿನ ನಡತೆ, ಹೀಗೆ 21 ಅಂಶಗಳನ್ನು ಗುರುತಿಸಿದರು. ಅನುಕೂಲವಾದ ಒಂದೊಂದು ಅಂಶಕ್ಕೂ ಒಂದೊಂದು ಅಂಕ. 1928ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ಹುಟ್ಟಿಸುವಂತಿತ್ತು. 16 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಲ್ಲಿ ಪೆರೋಲಿನ ಷರತ್ತು ಮುರಿದವರು ನೂರಕ್ಕೆ ಒಂದೂವರೆಯಷ್ಟು ಮಾತ್ರ. ಅತ್ಯಂತ ಕಡಿಮೆ ಅಂಕ ಬಂದ ಗುಂಪಿನಲ್ಲಿ ನೂರಕ್ಕೆ 76. ಎಲ್ಲ ಕೈದಿಗಳೂ ಒಂದೇ ಎನ್ನುವ ಮಾತು ಅಲ್ಲಿಗೆ ಮುಗಿಯಬೇಕಿತ್ತು. 1933ರಿಂದ ಇಲಿನಾಯ್ ರಾಜ್ಯ ಈ ಲೆಕ್ಕ ಹಾಕುವುದಕ್ಕೆಂದೇ ನೌಕರರನ್ನು ನೇಮಿಸಿತು.

ಆದರೆ ಬರ್ಜೆಸ್ ಅವರ 21 ಅಂಶಗಳನ್ನು ಒಂದೊಂದಾಗಿ ನೋಡುವಾಗ ನಾನು ಒಂದು ಕಡೆ ನಿಂತುಬಿಟ್ಟೆ. ಸಾಮಾಜಿಕ ಬಗೆ ಎಂಬುದೊಂದು ಅಂಶ. ಅದರಡಿಯಲ್ಲಿ ಅಲೆಮಾರಿ, ಕೈಲಾಗದವ, ಕುಡುಕ, ಗ್ಯಾಂಗಿನವ, ಹೊಸದಾಗಿ ವಲಸೆ ಬಂದವ, ಹಳ್ಳಿಯ ಹುಡುಗ ಮುಂತಾದ ಹಣೆಪಟ್ಟಿಗಳು. ಒಬ್ಬನ ವಯಸ್ಸನ್ನು ಇಬ್ಬರು ಬರೆದರೂ ಒಂದೇ ಅಂಕಿ ಬರುತ್ತದೆ. ಅವನು ಕೈಲಾಗದವನೇ ಅಲ್ಲವೇ ಎಂದು ಇಬ್ಬರು ಬರೆದರೆ? ಅಂಕಿಯ ವೇಷ ತೊಟ್ಟು ಅಭಿಪ್ರಾಯವೂ ಲೆಕ್ಕದೊಳಗೆ ಬಂದು ಕುಳಿತಿತ್ತು.

ಆದರೂ ಲೆಕ್ಕಕ್ಕೆ ಒಂದು ಗುಣವಿದೆ, ಅದರ ತಪ್ಪನ್ನು ಹಿಡಿಯಬಹುದು. 1954ರಲ್ಲಿ ಮಿನ್ನೆಸೋಟದ ಮನೋವಿಜ್ಞಾನಿ ಪಾಲ್ ಮೀಲ್, ತಜ್ಞರ ಅನುಭವದ ಅಂದಾಜು ಮತ್ತು ಸರಳ ಅಂಕಗಣಿತದ ಅಂದಾಜು ಇವೆರಡನ್ನೂ ಹೋಲಿಸಿದ ಸುಮಾರು ಇಪ್ಪತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಅಂಕಗಣಿತ ತಜ್ಞರಿಗೆ ಸಮನಾಗಿತ್ತು, ಇಲ್ಲವೇ ಮೇಲಾಗಿತ್ತು. ತಜ್ಞರಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

967 ಜನ ಹೊರಬಂದಾಗ

ಭಯದ ಅಂದಾಜನ್ನು ಪರೀಕ್ಷೆಗೆ ಒಡ್ಡುವುದು ಸುಲಭವಲ್ಲ. ಯಾಕೆಂದರೆ ಅಪಾಯಕಾರಿ ಎಂದು ತೀರ್ಮಾನವಾದವನನ್ನು ಯಾರೂ ಹೊರಗೆ ಬಿಡುವುದಿಲ್ಲ. ಒಳಗೇ ಇರುವವನು ತಾನು ಅಪಾಯಕಾರಿಯಲ್ಲ ಎಂದು ತೋರಿಸುವುದು ಹೇಗೆ? ಆದರೆ ಒಮ್ಮೆ, ನ್ಯಾಯಾಲಯದ ಒಂದು ತೀರ್ಪಿನಿಂದಾಗಿ, ಯಾರೂ ಯೋಜಿಸದ ಪ್ರಯೋಗವೊಂದು ನಡೆದುಹೋಯಿತು.

ನ್ಯೂಯಾರ್ಕ್ ರಾಜ್ಯದಲ್ಲಿ ಜಾನಿ ಬ್ಯಾಕ್ಸ್‌ಸ್ಟ್ರಾಮ್ ಎಂಬಾತನಿಗೆ 1959ರಲ್ಲಿ ಹಲ್ಲೆಯ ಅಪರಾಧಕ್ಕಾಗಿ ಎರಡೂವರೆಯಿಂದ ಮೂರು ವರ್ಷಗಳ ಶಿಕ್ಷೆಯಾಯಿತು. 1961ರಲ್ಲಿ ಸೆರೆಮನೆಯ ವೈದ್ಯರು ಆತನಿಗೆ ಮಾನಸಿಕ ಅಸ್ವಾಸ್ಥ್ಯವಿದೆಯೆಂದು ಬರೆದರು. ಸೆರೆಮನೆ ಇಲಾಖೆಗೆ ಸೇರಿದ ಡ್ಯಾನೆಮೋರಾದ ಆಸ್ಪತ್ರೆಗೆ ಆತನನ್ನು ಕಳಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಶಿಕ್ಷೆಯ ಅವಧಿ ಮುಗಿಯಿತು, ಆತ ಮಾತ್ರ ಹೊರಬರಲಿಲ್ಲ. ಸಾಮಾನ್ಯ ನಾಗರಿಕರಿಗೆ ಸಿಗುವ ವಿಚಾರಣೆಯ ಹಕ್ಕನ್ನು ಇಂಥವನಿಗೆ ನಿರಾಕರಿಸುವುದು ಸಮಾನತೆಗೆ ವಿರುದ್ಧ ಎಂದು 1966ರ ಫೆಬ್ರವರಿ 23ರಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು.

ತೀರ್ಪಿನ ಫಲವಾಗಿ ಆತನಂತೆಯೇ ಶಿಕ್ಷೆ ಮುಗಿದ ಮೇಲೂ ಉಳಿದಿದ್ದ 967 ಜನರನ್ನು ಕೆಲವೇ ತಿಂಗಳುಗಳಲ್ಲಿ ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಸಾಮಾನ್ಯ ಆಸ್ಪತ್ರೆಯಲ್ಲಿ ಇಡಲಾಗದಷ್ಟು ಅಪಾಯಕಾರಿಗಳೆಂದು ಇವರನ್ನು ವರ್ಷಗಟ್ಟಲೆ ಬೇರೆಯಾಗಿ ಇಡಲಾಗಿತ್ತು. ಬರಮಾಡಿಕೊಳ್ಳಬೇಕಾದ ಆಸ್ಪತ್ರೆಗಳ ಸಿಬ್ಬಂದಿ ಸಹಜವಾಗಿಯೇ ಹೆದರಿದರು.

ಏನಾಯಿತು? ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೋಜಾ ಎಂಬ ಸಂಶೋಧಕರು ಈ ಜನರನ್ನು ನಾಲ್ಕು ವರ್ಷ ಹಿಂಬಾಲಿಸಿ, 1974ರಲ್ಲಿ ಪುಸ್ತಕವಾಗಿ ಬರೆದರು. ನಾಲ್ಕು ವರ್ಷಗಳಲ್ಲಿ ಒಮ್ಮೆಯಾದರೂ ಬೇರೊಬ್ಬರ ಮೇಲೆ ಕೈಮಾಡಿದವರು ನೂರಕ್ಕೆ ಸುಮಾರು 20. ಮತ್ತೆ ಆ ಬಿಗಿ ಕಾವಲಿನ ಆಸ್ಪತ್ರೆಗೇ ಕಳಿಸಬೇಕಾದವರು ನೂರಕ್ಕೆ ಮೂರಕ್ಕಿಂತ ಕಡಿಮೆ. ಅಂದರೆ ಅಪಾಯಕಾರಿ ಎಂಬ ಹಣೆಪಟ್ಟಿ ಹೊತ್ತ ಪ್ರತಿ ಹತ್ತು ಜನರಲ್ಲಿ ಎಂಟು ಜನ ಯಾರಿಗೂ ಕೈ ಎತ್ತಲಿಲ್ಲ. ಅವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು, ವಯಸ್ಸೇ ಅವರನ್ನು ತಣ್ಣಗಾಗಿಸಿತ್ತು ಎಂದು ನೀವು ಹೇಳಬಹುದು. ಮಾತು ಸರಿಯೇ. ಆದರೆ ಆ ವಯಸ್ಸು ವೈದ್ಯರ ಕಡತದಲ್ಲಿಯೂ ಇತ್ತಲ್ಲ? ವರ್ಷ ವರ್ಷವೂ ಕಡತ ತೆರೆದವರು ಹಳೆಯ ಅಪರಾಧವನ್ನು ಓದಿದರು, ಎದುರು ಕುಳಿತ ಮುದುಕನನ್ನು ನೋಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಇಂಥ ಅಧ್ಯಯನಗಳು ಇನ್ನಷ್ಟು ನಡೆದವು. ಸಂಸ್ಥೆಗಳಲ್ಲಿ ದೀರ್ಘಕಾಲ ಇದ್ದವರ ವಿಷಯದಲ್ಲಿ ಹಿಂಸೆಯ ಬಗ್ಗೆ ಮನೋವೈದ್ಯರು ನುಡಿಯುವ ಭವಿಷ್ಯ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನಿಜವಾಗುವುದಿಲ್ಲ ಎಂದು 1981ರಲ್ಲಿ ಜಾನ್ ಮೊನಹನ್ ಬರೆದರು. ಅದಾದ ಎರಡೇ ವರ್ಷಕ್ಕೆ, 1983ರಲ್ಲಿ, ಟೆಕ್ಸಸ್ ರಾಜ್ಯದ ಒಂದು ಮರಣದಂಡನೆಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತು. ಕೈದಿಯನ್ನು ಪರೀಕ್ಷಿಸಿಯೇ ಇರದ ಮನೋವೈದ್ಯರು ಆತ ಮುಂದೆಯೂ ಹಿಂಸೆ ಎಸಗುತ್ತಾನೆ ಎಂದು ಸಾಕ್ಷ್ಯ ನುಡಿದಿದ್ದರು. ಅವರಲ್ಲಿ ಒಬ್ಬರು ನೂರಕ್ಕೆ ನೂರು ಖಚಿತವೆಂದಿದ್ದರು. ಇಂಥ ಭವಿಷ್ಯವನ್ನು ನಂಬಬೇಡಿ ಎಂದು ಮನೋವೈದ್ಯರ ಸಂಘವೇ ಕೇಳಿಕೊಂಡರೂ ನ್ಯಾಯಾಲಯದ ಬಹುಮತ ಅದನ್ನು ಒಪ್ಪಲಿಲ್ಲ. 1984ರಲ್ಲಿ ಆತನಿಗೆ ಮರಣದಂಡನೆಯಾಯಿತು.

ಒಂದೇ ಅಂಕಿ, ಎರಡು ಭಯ

ಓದು ಬಲ್ಲ ತಜ್ಞರು ಹೀಗೇಕೆ ತಪ್ಪುತ್ತಾರೆ? 2000ನೇ ಇಸವಿಯಲ್ಲಿ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗವನ್ನು ಕೇಳಿ. ಒಬ್ಬ ರೋಗಿಯನ್ನು ಆಸ್ಪತ್ರೆಯಿಂದ ಬಿಡಬಹುದೇ ಎಂದು ಮನೋತಜ್ಞರನ್ನು ಕೇಳಲಾಯಿತು. ಒಂದು ಗುಂಪಿಗೆ, "ಇಂಥವರು ಹಿಂಸೆ ಎಸಗುವ ಸಂಭವ ಶೇಕಡಾ 20" ಎಂದರು. ಇನ್ನೊಂದು ಗುಂಪಿಗೆ, "ಇಂಥ ನೂರು ಜನರಲ್ಲಿ 20 ಮಂದಿ ಹಿಂಸೆ ಎಸಗುತ್ತಾರೆ" ಎಂದರು. ಗಣಿತದ ಪ್ರಕಾರ ಎರಡೂ ಒಂದೇ. ಮೊದಲ ಗುಂಪಿನಲ್ಲಿ ಬಿಡಬಾರದು ಎಂದವರು ಶೇಕಡಾ 21, ಎರಡನೆಯದರಲ್ಲಿ ಶೇಕಡಾ 41! ಶೇಕಡಾವಾರು ಎಂದಾಗ ಕಣ್ಣ ಮುಂದೆ ಯಾರೂ ಬರುವುದಿಲ್ಲ. ಇಪ್ಪತ್ತು ಮಂದಿ ಎಂದೊಡನೆ ಇಪ್ಪತ್ತು ಮುಖಗಳು, ಇಪ್ಪತ್ತು ಕೈಗಳು ಕಾಣತೊಡಗುತ್ತವೆ. ನಾವು ಅಳೆಯುವುದು ಅಂಕಿಯನ್ನಲ್ಲ, ಆ ಅಂಕಿ ಮನಸ್ಸಿನಲ್ಲಿ ಬರೆಯುವ ಚಿತ್ರವನ್ನು.

ಆ ಚಿತ್ರದಲ್ಲಿ ಯಾರ ಮುಖವಿರುತ್ತದೆ ಎಂಬುದನ್ನು ಡೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ತೋರಿಸಿಕೊಟ್ಟರು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದೇ ಮಟ್ಟದ ಯುವಕರನ್ನು ಕೆಲಸ ಕೇಳಲು ಕಳಿಸಿದರು. ಕೆಲವರು ತಮಗೆ ಶಿಕ್ಷೆಯಾಗಿತ್ತು ಎಂದು ಹೇಳಿಕೊಳ್ಳಬೇಕು, ಇನ್ನು ಕೆಲವರಿಗೆ ಅಂಥ ದಾಖಲೆಯಿಲ್ಲ. 2003ರಲ್ಲಿ ಪ್ರಕಟವಾದ ಅಂಕಿಗಳಿವು: ದಾಖಲೆಯಿಲ್ಲದ ಬಿಳಿಯರನ್ನು ಮಾಲೀಕರು ಮತ್ತೆ ಕರೆದದ್ದು ಶೇಕಡಾ 34 ಸಲ, ದಾಖಲೆಯಿದ್ದ ಬಿಳಿಯರನ್ನು ಶೇಕಡಾ 17. ದಾಖಲೆಯಿಲ್ಲದ ಕರಿಯರನ್ನು ಶೇಕಡಾ 14, ದಾಖಲೆಯಿದ್ದ ಕರಿಯರನ್ನು ಶೇಕಡಾ 5. ಜೈಲಿಗೆ ಹೋಗಿ ಬಂದ ಬಿಳಿಯನಿಗೆ ಇದ್ದಷ್ಟು ಅವಕಾಶವೂ ತಪ್ಪನ್ನೇ ಮಾಡದ ಕರಿಯನಿಗೆ ಇರಲಿಲ್ಲ. ಮಾಲೀಕರನ್ನು ಕೇಳಿದ್ದರೆ, ನಾವು ಅಪಾಯವನ್ನಷ್ಟೇ ನೋಡಿದೆವು ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರೇನೋ. ಕಾಮಾಲೆ ಕಣ್ಣಿನವನಿಗೆ ತನ್ನ ಕಣ್ಣು ಹಳದಿಯೆಂದು ತಿಳಿಯುವುದಿಲ್ಲ.

ಯಂತ್ರದ ಕೈಗೆ ಕೊಟ್ಟರೆ ಪಕ್ಷಪಾತ ಹೋಗುತ್ತದೆಯೇ? 2016ರಲ್ಲಿ ಅಮೆರಿಕದ ಪತ್ರಕರ್ತರ ತಂಡವೊಂದು ಫ್ಲಾರಿಡಾದ ಒಂದು ಜಿಲ್ಲೆಯಲ್ಲಿ ಬಳಸುತ್ತಿದ್ದ ಗಣಕದ ಅಂದಾಜುಗಳನ್ನು ಪರಿಶೀಲಿಸಿತು. ಮುಂದೆ ಯಾವ ತಪ್ಪನ್ನೂ ಮಾಡದವರನ್ನು ಅಪಾಯಕಾರಿ ಎಂದು ಗುರುತಿಸಿದ ಪ್ರಮಾಣ ಬಿಳಿಯರಲ್ಲಿ ಶೇಕಡಾ 23ರಷ್ಟಿದ್ದರೆ ಕರಿಯರಲ್ಲಿ ಶೇಕಡಾ 45ರಷ್ಟಿತ್ತು. ತಯಾರಕ ಸಂಸ್ಥೆ ಬೇರೆ ಅಳತೆಗೋಲು ಹಿಡಿದು ಈ ಟೀಕೆಯನ್ನು ಅಲ್ಲಗಳೆಯಿತು. ಯಾವುದು ನ್ಯಾಯದ ಅಳತೆ ಎಂಬ ಚರ್ಚೆ ಗಣಿತಜ್ಞರ ನಡುವೆಯೂ ಬೆಳೆಯಿತು. ಗಣಕಕ್ಕೆ ನಾವು ಉಣಿಸುವುದು ಹಳೆಯ ಕಡತಗಳನ್ನೇ. ಆ ಕಡತಗಳನ್ನು ಬರೆದವರು ನಮ್ಮ ನಿಮ್ಮಂಥ ಮನುಷ್ಯರೇ.

ದೂರದರ್ಶನದವನ ತಪ್ಪೊಪ್ಪಿಗೆ

ಈ ವಿಚಾರದಲ್ಲಿ ನನ್ನ ವೃತ್ತಿಯ ಪಾಲೂ ಇದೆ. ಬಿಡುಗಡೆಯಾದ ಒಬ್ಬ ಮತ್ತೆ ಕೊಲೆ ಮಾಡಿದರೆ ಅಂದು ರಾತ್ರಿಯ ವಾರ್ತೆಯಲ್ಲಿ ಬರುತ್ತದೆ. ಬಿಡುಗಡೆಯಾದ ನೂರು ಜನ ಬೆಳಿಗ್ಗೆ ಎದ್ದು, ಕೆಲಸಕ್ಕೆ ಹೋಗಿ, ಸಂಜೆ ಮನೆಗೆ ಬಂದು ಊಟ ಮಾಡಿ ಮಲಗಿದರೆ ಅದನ್ನು ಚಿತ್ರೀಕರಿಸಲು ಯಾರೂ ಕ್ಯಾಮೆರಾ ಹೊತ್ತು ಹೋಗುವುದಿಲ್ಲ. ಬಿಟ್ಟು ಮಾಡಿದ ತಪ್ಪು ಊರಿಗೆಲ್ಲ ಕಾಣುತ್ತದೆ, ಬಿಡದೆ ಮಾಡಿದ ತಪ್ಪು ಯಾರಿಗೂ ಕಾಣುವುದಿಲ್ಲ. ಹೀಗಿರುವಾಗ ನಿರ್ಧರಿಸುವ ಕುರ್ಚಿಯಲ್ಲಿ ಕುಳಿತವರು ಯಾವ ಕಡೆಗೆ ವಾಲುತ್ತಾರೆಂದು ಊಹಿಸುವುದು ಕಷ್ಟವಲ್ಲ. 1957ರಲ್ಲಿ ವಿ. ಶಾಂತಾರಾಮ್ ಅವರು ಆರು ಕೈದಿಗಳನ್ನು ನಂಬಿ ಬಯಲಿಗೆ ಕರೆದೊಯ್ಯುವ ಜೈಲರನ ಕಥೆಯನ್ನು "ದೋ ಆಂಖೇಂ ಬಾರಹ್ ಹಾಥ್" ಎಂಬ ಚಿತ್ರವಾಗಿ ಮಾಡಿದರು. ಅದರ ಹಿಂದೆ ಔಂಧ್ ಸಂಸ್ಥಾನದಲ್ಲಿ ನಿಜವಾಗಿಯೂ ನಡೆದ ಬಯಲು ಬಂದೀಖಾನೆಯ ಪ್ರಯೋಗವಿತ್ತು. ಅಂಥ ಚಿತ್ರಗಳು ಬೆರಳೆಣಿಕೆಯಷ್ಟು.

ನನ್ನ ಸ್ವಂತ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಸೆಟ್ಟಿನ ಕೆಲಸಕ್ಕೆ ಗುತ್ತಿಗೆದಾರರ ಕಡೆಯಿಂದ ಒಬ್ಬ ಬಡಗಿ ಬರುತ್ತಿದ್ದ. ಅಚ್ಚುಕಟ್ಟಾದ ಕೆಲಸ, ಮಾತು ಕಡಿಮೆ. ಆತ ಜೈಲಿನಲ್ಲಿದ್ದವನು ಎಂದು ಯಾರೋ ನನ್ನ ಕಿವಿಯಲ್ಲಿ ಹೇಳಿದರು. ಸ್ಟುಡಿಯೋದಲ್ಲಿ ಬೆಲೆಬಾಳುವ ಉಪಕರಣಗಳಿವೆ, ಹೆಣ್ಣುಮಕ್ಕಳು ರಾತ್ರಿಯವರೆಗೆ ಕೆಲಸ ಮಾಡುತ್ತಾರೆ ಎಂದು ಯೋಚಿಸಿ, ನಾಳೆಯಿಂದ ಬೇರೆಯವರನ್ನು ಕಳಿಸಿ ಎಂದು ಗುತ್ತಿಗೆದಾರರಿಗೆ ಹೇಳಿದೆ. ಅವರು ಎದುರಾಡಲಿಲ್ಲ. ತಿಂಗಳುಗಳ ನಂತರ ಲೆಕ್ಕ ಚುಕ್ತಾ ಮಾಡುವಾಗ ಮೆಲ್ಲಗೆ, "ಸಾರ್, ಅದು ಹನ್ನೆರಡು ವರ್ಷದ ಹಿಂದಿನ ಮಾತು. ಹುಡುಗುಬುದ್ಧಿಯಲ್ಲಿ ಜಗಳವಾಡಿ ಕೈಮಾಡಿದ್ದ. ಆಮೇಲೆ ಒಂದು ಮೊಳೆಯನ್ನೂ ಮುಟ್ಟಿದವನಲ್ಲ" ಎಂದರು. ನಾನು ಏನು ಹೇಳಲಿ? ನಾನು ಕೇಳಿಯೇ ಇರಲಿಲ್ಲ.

2009ರಲ್ಲಿ ಆಲ್‌ಫ್ರೆಡ್ ಬ್ಲೂಮ್‌ಸ್ಟೈನ್ ಮತ್ತು ಕಿಮಿನೋರಿ ನಕಮುರ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 1980ರಲ್ಲಿ ಮೊದಲ ಸಲ ಬಂಧಿತರಾದವರ ದಾಖಲೆಗಳನ್ನು ಅವರು ಮುಂದಿನ ವರ್ಷಗಳಲ್ಲಿ ಹಿಂಬಾಲಿಸಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಗಂಭೀರ ಹಲ್ಲೆಗಾಗಿ ಬಂಧಿತನಾದವನು ಸುಮಾರು 4.3 ವರ್ಷ ಕಾಲ ಮತ್ತೆ ಸಿಕ್ಕಿಬೀಳದೆ ಇದ್ದರೆ, ಆತ ಮತ್ತೆ ಬಂಧಿತನಾಗುವ ಸಂಭವ ಅದೇ ವಯಸ್ಸಿನ ಸಾಮಾನ್ಯ ಜನರಷ್ಟೇ ಆಗುತ್ತದೆ. ದರೋಡೆಯ ವಿಷಯದಲ್ಲಿ ಈ ಅವಧಿ 7.7 ವರ್ಷ. ಅದು ಅಮೆರಿಕದ ಲೆಕ್ಕ, ನಮ್ಮೂರಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೆ ಕಾಲ ಕಳೆದಂತೆ ಅಪಾಯ ಇಳಿಯುತ್ತದೆ ಎಂಬ ದಿಕ್ಕು ಸ್ಪಷ್ಟವಾಗಿದೆ. ಹನ್ನೆರಡು ವರ್ಷಗಳ ನಂತರ ನಾನು ಹೆದರಿದ್ದು ಆ ಬಡಗಿಗಲ್ಲ, ಜೈಲು ಎಂಬ ಎರಡಕ್ಷರದ ಪದಕ್ಕೆ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತ ಬೆಳೆದವರು. ಈ ಇತಿಹಾಸವನ್ನು ಓದಿದ ಮೇಲೆ, ಸುಟ್ಟರೂ ಹೋಗದೆ ಉಳಿಯುವುದು ನೋಡುವವರ ಗುಣವೇ ಎಂದು ನನಗೆ ಅನ್ನಿಸಿದೆ. ಅದನ್ನು ಕಳೆದುಕೊಳ್ಳಲು ದೊಡ್ಡ ಮನಸ್ಸೇ ಬೇಕೆಂದಿಲ್ಲ, ಕೆಲವು ಪ್ರಶ್ನೆಗಳು ಸಾಕು. ಏನು ಮಾಡಿದ್ದ? ಯಾವಾಗ? ಆಗ ವಯಸ್ಸೆಷ್ಟು? ಆಮೇಲೆ ಹೇಗಿದ್ದಾನೆ? ನಾವು ಕೊಡುವ ಕೆಲಸಕ್ಕೂ ಆತ ಮಾಡಿದ ತಪ್ಪಿಗೂ ಏನಾದರೂ ಸಂಬಂಧವಿದೆಯೇ? ಇದೇ ತಪ್ಪನ್ನು ನಮ್ಮ ಕೇರಿಯ, ನಮ್ಮ ಜಾತಿಯ ಹುಡುಗ ಮಾಡಿದ್ದರೆ ನಾವು ಇದೇ ಉತ್ತರ ಕೊಡುತ್ತಿದ್ದೆವೇ? ಇವನ್ನೆಲ್ಲ ಕೇಳಿದ ಮೇಲೂ ನಿಮ್ಮ ಉತ್ತರ ಬೇಡ ಎಂದೇ ಆಗಬಹುದು, ಅದರಲ್ಲಿ ತಪ್ಪಿಲ್ಲ. ಕೇಳದೆ ಹೇಳಿದ ಬೇಡ ಮಾತ್ರ ಇನ್ನೊಬ್ಬರ ಅನ್ನದ ಪ್ರಶ್ನೆಯಾಗುತ್ತದೆ.

ಆ ಬಡಗಿ ಕಟ್ಟಿಕೊಟ್ಟ ಮೇಜೊಂದು ನಮ್ಮ ಸೆಟ್ಟಿನಲ್ಲಿ ಇನ್ನೂ ಇದೆ. ಅತಿಥಿಗಳು ಅದರ ಮುಂದೆ ಕುಳಿತೇ ಮಾತನಾಡುತ್ತಾರೆ. ಆತ ಈಗ ಎಲ್ಲಿ ಕೆಲಸ ಮಾಡುತ್ತಿದ್ದಾನೋ ನನಗೆ ಗೊತ್ತಿಲ್ಲ. ಗುತ್ತಿಗೆದಾರರನ್ನು ಕೇಳಿ ವಿಚಾರಿಸುತ್ತಿದ್ದೇನೆ.